ಲೈನ್‌ಮನ್ ರಂಗಪ್ಪನ ನಿಜವಾದ ಬಣ್ಣ

ಹಳೇಬೀಡಿನ ಫೋಟೋ ಬೀರೇಶ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಹೋದಾಗ ಎಲ್ಲರ ಹಾಗೆ ಕೆಂಪನ್ನು ಕೆಂಪು, ಹಸಿರನ್ನು ಹಸಿರು ಎಂದು ನಂಬಿಕೊಂಡಿದ್ದ ಮನುಷ್ಯ. ಸಂಜೆಯ ಬಸ್ಸಿನಿಂದ ಇಳಿಯುವಾಗ ಅವನಿಗೆ ಲೋಕದ ಯಾವ ಬಣ್ಣದ ಮೇಲೂ ವಿಶ್ವಾಸ ಉಳಿದಿರಲಿಲ್ಲ.

ರೀಲು ಕ್ಯಾಮೆರಾಗಳು ಮೂಲೆ ಸೇರಿ, ಊರೂರಿನ ಸ್ಟುಡಿಯೋಗಳಿಗೆ ಕಂಪ್ಯೂಟರು ಬರುತ್ತಿದ್ದ ವರ್ಷಗಳು ಅವು. ಬೀರೇಶನೂ ಅರಸೀಕೆರೆಯಲ್ಲಿ ಬಾಗಿಲು ಹಾಕಿದ ಒಂದು ಸೈಬರ್ ಸೆಂಟರಿನಿಂದ ಕಂಪ್ಯೂಟರನ್ನೂ, ಎತ್ತಲು ಇಬ್ಬರು ಬೇಕಾಗುವಂಥ ಮಾನಿಟರನ್ನೂ ತಂದಿದ್ದ. ಆ ದಿನ ಫೋಟೋ ಲ್ಯಾಬಿನ ಷಡಕ್ಷರಪ್ಪನವರು ಸುತ್ತಲ ಸ್ಟುಡಿಯೋದವರನ್ನೆಲ್ಲ ಒಂದು ಕಲ್ಯಾಣ ಮಂಟಪಕ್ಕೆ ಕರೆಸಿ, ಟೈ ಕಟ್ಟಿದ ಯುವಕನೊಬ್ಬನಿಂದ ಭಾಷಣ ಮಾಡಿಸಿದ್ದರು.

"ನಿಮ್ಮ ಮಾನಿಟರ್ ನಿಮಗೆ ಸುಳ್ಳು ಹೇಳ್ತಾ ಇದೆ," ಎಂದು ಯುವಕ ಶುರುಮಾಡಿದ. "ಅದು ತೋರಿಸೋ ಬಣ್ಣ ನಂಬಿ ನೀವು ಫೋಟೋ ತಿದ್ದುತೀರಿ, ಪ್ರಿಂಟು ಬೇರೇನೇ ಬರುತ್ತೆ. ಮೊದಲು ಅದನ್ನ ಕ್ಯಾಲಿಬ್ರೇಟ್ ಮಾಡ್ಕೊಳ್ಳಿ, ಅಂದ್ರೆ ಅದರ ಬಣ್ಣ ಅಳತೆಗೆ ತನ್ನಿ."

ಬೀರೇಶ ಕುರ್ಚಿಯ ಅಂಚಿಗೆ ಸರಿದು ಕೂತ. ಇಷ್ಟು ದಿನ ತನ್ನದೇ ಅಂಗಡಿಯಲ್ಲಿ, ತನ್ನದೇ ಕರೆಂಟು ಕುಡಿದುಕೊಂಡು ಸುಳ್ಳು ಹೇಳುತ್ತಿತ್ತಲ್ಲ! ಯುವಕ ಮುಂದುವರಿಸಿದ. ಕೋಣೆಯ ಗೋಡೆ ಬೂದು ಬಣ್ಣದ್ದಿರಬೇಕು. ಹೊರಗಿನ ಬೆಳಕು ಬರಬಾರದು. ಎದುರಿಗೆ ಗಾಢ ಬಣ್ಣದ ವಸ್ತು ಇರಬಾರದು. ಎಲ್ಲಕ್ಕಿಂತ ಮುಖ್ಯ, ಹೋಲಿಸಿ ನೋಡಲು ಎಂದಿಗೂ ಬದಲಾಗದ ಒಂದು ಬೂದು ಬಣ್ಣ, ಅವನ ಮಾತಿನಲ್ಲಿ 'ನ್ಯೂಟ್ರಲ್', ಪಕ್ಕದಲ್ಲಿರಬೇಕು; ಅದಕ್ಕೆಂದೇ ಮಾಡಿದ ಬೂದು ಕಾರ್ಡನ್ನು ಊಟದ ಹೊತ್ತಿಗೆ ಹಂಚಲಾಗುವುದು. ಹಂಚುವಾಗ ಬೀರೇಶ ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನು ಕಾಯುತ್ತಿದ್ದ. ತುಪ್ಪ ಬಂತು, ಕಾರ್ಡು ಮುಗಿಯಿತು. ಮುಂದೆ ನಡೆದದ್ದಕ್ಕೆಲ್ಲ ಆ ತುಪ್ಪವೇ ಮೂಲ ಎಂದರೆ ತಪ್ಪಾಗಲಾರದು.

ಮರುದಿನವೇ ಸ್ಟುಡಿಯೋದ ಗುಲಾಬಿ ಗೋಡೆಗೆ ಬೂದು ಬಣ್ಣ ಬಿತ್ತು. ಕಿಟಕಿಗೆ ಗೋಣಿತಾಟು ಬಿತ್ತು. ಟೀ ತಂದ ಹೆಂಡತಿ ಕೋಮಲ ಬಾಗಿಲಲ್ಲೇ ನಿಂತಳು.

"ಇದೇನ್ರೀ, ಯಾರೋ ಹೋದ ಮನೆ ಥರ ಮಾಡಿದ್ದೀರಿ?"

"ಕೆಂಪು ಸೀರೆ ಉಟ್ಕೊಂಡು ಒಳಗೆ ಬರ್ಬೇಡ ಕಣೇ! ಸ್ಕ್ರೀನ್ ಮೇಲೆ ಬೀಳ್ತದೆ."

"ನಾನು ಸ್ಕ್ರೀನ್ ಮೇಲೆ ಬೀಳಕ್ಕೆ ಬಂದಿಲ್ಲ, ಟೀ ಕೊಡಕ್ಕೆ ಬಂದೆ," ಎಂದು ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋದಳು. ಆದರೆ ಅಂದಿನಿಂದ ಸ್ಟುಡಿಯೋಗೆ ಬರುವಾಗ ಸೆರಗಿನ ಮೇಲೊಂದು ಮಾಸಿದ ಟವೆಲ್ಲು ಹೊದ್ದುಕೊಂಡು ಬರತೊಡಗಿದಳು. ಅದನ್ನು ಬೀರೇಶ ಗಮನಿಸಲಿಲ್ಲ.

ಸ್ಟುಡಿಯೋದ ಮುಂದೆ, ನೆರಳಿನಲ್ಲಿ, ಅನುಸೂಯಮ್ಮ ಚೆಂಡುಹೂವಿನ ಬುಟ್ಟಿ ಇಟ್ಟುಕೊಂಡು ಮಾಲೆ ಕಟ್ಟುತ್ತಿದ್ದರು. ಬೀರೇಶ ಅವರ ಮುಂದೆ ಕೈಕಟ್ಟಿ ನಿಂತ.

"ಅನುಸೂಯಮ್ಮ, ನಿಮ್ಮ ಹೂವಿನ ಹಳದಿ ನನ್ನ ಗೋಡೆಗೆ ಹೊಡೀತಾ ಅದೆ."

"ಚೆಂಡುಹೂವು ಹಳದಿ ಇರದೆ ಇನ್ನೇನಪ್ಪ ಆದಾತು?" ಎಂದವರು ಅವನ ಮುಖ ನೋಡಿದರು. ಆಮೇಲೆ ಬುಟ್ಟಿ ಎತ್ತಿಕೊಂಡು ರಸ್ತೆಯಾಚೆ ಬಿಸಿಲಿಗೆ ಹೋಗಿ ಕೂತರು. ಯಾರಾದರೂ ಕಾರಣ ಕೇಳಿದರೆ, "ಪಾಪ, ಏನೋ ಹೊಸಾ ವಿದ್ಯೆ ಕಲೀತಾವ್ನೆ," ಎನ್ನುತ್ತಿದ್ದರು.

ಇನ್ನು ಉಳಿದದ್ದು ಬದಲಾಗದ ಬೂದು. ಬಸ್ತಿಹಳ್ಳಿಯಲ್ಲಿ ಒಂದು ನಾಮಕರಣದ ಫೋಟೋ ತೆಗೆದು ಬರುವಾಗ, ಬಸದಿಯ ಬೇಲಿ ಪಕ್ಕದ ಕಲ್ಲುಗುಪ್ಪೆ ಬೀರೇಶನ ಕಣ್ಣಿಗೆ ಬಿತ್ತು. ಅವನು ಸೈಕಲ್ಲು ನಿಲ್ಲಿಸಿದ. ಹಳೇಬೀಡಿನಲ್ಲಿ ಹುಟ್ಟಿದವನಿಗೆ ಬದಲಾಗದ ಬೂದು ಎಂದರೆ ಇನ್ಯಾವುದು? ರಾಜರು ಹೋದರು, ದಂಡು ಬಂದು ಹೋಯಿತು, ಕಲ್ಲು ಮಾತ್ರ ಅದೇ ಬಣ್ಣದಲ್ಲಿ ಕೂತಿದೆ. ರಟ್ಟಿನ ಕಾರ್ಡು ಒಂದು ಮಳೆಗಾಲ ತಡೆದೀತೇ? ದೂಳು ಮೆತ್ತಿದ ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಆರಿಸಿ, ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

ಅಂದು ಮಧ್ಯಾಹ್ನ ಕಲ್ಲಿಗೆ ಫ್ಲ್ಯಾಶ್ ಹಾಕಿ ಫೋಟೋ ತೆಗೆದು, ಕಂಪ್ಯೂಟರಿಗೆ ಇಳಿಸಿ, ನಿಜವಾದ ಕಲ್ಲನ್ನು ಮಾನಿಟರಿನ ಪಕ್ಕ ಪ್ರತಿಷ್ಠಾಪಿಸಿದ. ಪರದೆಯ ಮೇಲಿನ ಕಲ್ಲಿನಲ್ಲಿ ಒಂದು ಹಸಿರು ಛಾಯೆ ಕಂಡಿತು. "ಸಿಕ್ಕಿಬಿದ್ದೆಯಾ ಸುಳ್ಳಾ!" ಎಂದ. ಮಾನಿಟರಿನ ಹಸಿರನ್ನು ಇಳಿಸುತ್ತ ಹೋದ. ಕಲ್ಲು ಒಲೆಬೂದಿಯ ಹಾಗೆ ಕಾಣುವ ತನಕ ಇಳಿಸಿದ. ಕೊನೆಗೆ ಅಂಗಡಿಯ ಬೋರ್ಡಿನ ಮೇಲೆ ಕೈಯಾರೆ ಬರೆದ: ನಿಜವಾದ ಬಣ್ಣ ಗ್ಯಾರಂಟಿ.

ಆ ಬೋರ್ಡಿನ ಬಣ್ಣ ಒಣಗುವಷ್ಟರಲ್ಲಿ ಲೈನ್‌ಮನ್ ರಂಗಪ್ಪ ತೀರಿಹೋದ.

ಊರಿಗೆ ಬೆಳಕು ಕೊಡುತ್ತಿದ್ದವನು ಅವನೇ. ಕಂಬದಿಂದ ಇಳಿದವನು ಅಲ್ಲೇ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆಯಿಂದ ಉಸಿರಿಲ್ಲದೆ ಬಂದ. ಮಣ್ಣು ಮಾಡಿ ಬಂದ ಮೇಲೆ ಹೆಂಡತಿ ಕೆಂಪಲಕ್ಷ್ಮಮ್ಮ ಫೋಟೋ ಹುಡುಕಿದರು. ಮದುವೆಯ ಫೋಟೋವನ್ನು ಗೆದ್ದಲು ತಿಂದು, ಹೆಣ್ಣಿನ ಪಕ್ಕದಲ್ಲಿ ಹಾರ ಮಾತ್ರ ಉಳಿಸಿತ್ತು. ಬೇರೆಯವರ ಮದುವೆಗಳಲ್ಲಿ ರಂಗಪ್ಪ ಸದಾ ಸೀರಿಯಲ್ ಸೆಟ್ಟಿನ ದೀಪಸರ ಕಟ್ಟುತ್ತ ಏಣಿಯ ಮೇಲಿರುತ್ತಿದ್ದನಾಗಿ, ಊರಿನ ಆಲ್ಬಮ್ಮುಗಳಲ್ಲೆಲ್ಲ ಅವನ ಕಾಲುಗಳಷ್ಟೇ ಇದ್ದವು. ಮುಖವಿದ್ದ ಫೋಟೋ ಒಂದೇ ಒಂದು: ಸ್ಟುಡಿಯೋಗೆ ಕಂಪ್ಯೂಟರು ಬಂದ ದಿನ, ಮೀಟರು ಬೋರ್ಡಿನ ಪಕ್ಕ ಫ್ಯೂಸು ಹಿಡಿದು ನಗುತ್ತಿದ್ದಾಗ ಬೀರೇಶ ತೆಗೆದದ್ದು.

ಕೆಂಪಲಕ್ಷ್ಮಮ್ಮ ಅಣ್ಣ ಮರಿಯಣ್ಣನನ್ನು ಕರೆದುಕೊಂಡು ಸ್ಟುಡಿಯೋಗೆ ಬಂದರು. ಮರಿಯಣ್ಣ ಗೆಂಡೆಹಳ್ಳಿಯವನು, ಸಾವಿನ ಮನೆಯ ಯಜಮಾನಿಕೆಯನ್ನು ತಾನಾಗಿ ವಹಿಸಿಕೊಳ್ಳುವ ಜಾತಿ.

"ತಿಥಿಗೆ ದೊಡ್ಡ ಫೋಟೋ ಬೇಕು ಕಣ್ಲಾ ಬೀರೇಶ. ಆ ಖಾಕಿ ಅಂಗಿ ತೆಗ್ದು ಒಂದು ಕೋಟು ಹಾಕು. ಮುಖಾನ ಒಂಚೂರು ಬೆಳ್ಳಗೆ ಮಾಡು. ಇವಳ ಮಗಳು ದಿವ್ಯಶ್ರೀಗೆ ಗಂಡು ನೋಡ್ತಾ ಇದೀವಿ, ಬಂದೋರು ಮೊದ್ಲು ಗೋಡೆ ನೋಡ್ತಾರೆ."

"ಬ್ಯಾಡ," ಎಂದರು ಕೆಂಪಲಕ್ಷ್ಮಮ್ಮ. ಆ ದಿನಗಳಲ್ಲಿ ಅವರು ಆಡಿದ ಮೊದಲ ಮಾತು ಅದೇ ಇರಬೇಕು. "ಕಣ್ಣು ಮುಚ್ಚಿದ್ರೆ ನಂಗೆ ಆಸ್ಪತ್ರೇಲಿದ್ದ ಮುಖಾನೇ ಬತ್ತೈತೆ, ಬೀರೇಶಪ್ಪ. ಪಾಚಿ ಕಟ್ಟಿದಂಗಿತ್ತು. ಅದು ಅವ್ರ ಬಣ್ಣ ಅಲ್ಲ. ಅವ್ರು ಇದ್ದಂಗೇ ಮಾಡ್ಕೊಡು. ಅಷ್ಟೇ."

ಬೀರೇಶ ಎದ್ದು ನಿಂತ. ಅವನ ಜೀವನದಲ್ಲಿ ಇಷ್ಟು ಸರಿಯಾದ ಹೊತ್ತಿಗೆ ಇಷ್ಟು ಸರಿಯಾದ ಗಿರಾಕಿ ಎಂದೂ ಬಂದಿರಲಿಲ್ಲ.

"ಅಮ್ಮ, ಇದ್ದಂಗೇ ಮಾಡಕ್ಕೆ ಈ ಸುತ್ತಿನಲ್ಲಿ ಇರೋದೇ ನಾನೊಬ್ಬ."

ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ರಂಗಪ್ಪನ ಮುಖ ಪರದೆಯ ಮೇಲೆ ಕೆಂಪಗೆ, ಈಗ ತಾನೆ ಯಾರ ಮೇಲೋ ರೇಗಿ ಬಂದವನ ಹಾಗೆ ಕಂಡಿತು. ಸಾಫ್ಟ್‌ವೇರಿನಲ್ಲಿ ಸ್ವಲ್ಪ ಹಸಿರು ಬೆರೆಸಿದ. ಇನ್ನೂ ಕೆಂಪು. ಇನ್ನಷ್ಟು ಬೆರೆಸಿದ. ಕಲ್ಲನ್ನೊಮ್ಮೆ ನೋಡಿ, ಮುಖವನ್ನೊಮ್ಮೆ ನೋಡಿ, ಕೊನೆಗೆ ಒಂದು ಹೊತ್ತಿನಲ್ಲಿ ರಂಗಪ್ಪ ಬಂದೇಬಿಟ್ಟ. ಅದೇ ಹುರಿದ ಕಾಫಿಬೀಜದ ಮೈಬಣ್ಣ, ಅದೇ ಬಿಸಿಲು ಕುಡಿದ ಹಣೆ. ಬೀರೇಶ ಪರದೆಗೆ ಕೈಮುಗಿದ. ಸಿ.ಡಿ. ಮಾಡಿ ಅರಸೀಕೆರೆ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟ.

ಸಂಜೆ ಷಡಕ್ಷರಪ್ಪನವರ ಫೋನು ಬಂತು.

"ಬೀರೇಶ್, ಈ ಫೋಟೋದಾಗಿರೋರು ಮನುಷ್ಯರೇ ತಾನೇ?"

"ಯಾಕೆ ಸಾರ್?"

"ಮುಖದಾಗೆ ಹಸಿರು ಜಾಸ್ತಿ ಕಾಣ್ತಾ ಐತಪ್ಪ. ನಾವೇ ಒಂಚೂರು ತೆಗೆದು ಹಾಕ್ಲಾ?"

"ಒಂದು ಚುಕ್ಕೀನೂ ಮುಟ್ಟಬೇಡಿ ಸಾರ್!" ಬೀರೇಶನ ದನಿಯಲ್ಲಿ ಕರುಣೆ ಇತ್ತು. "ನಿಮ್ಮ ಮಾನಿಟರ್ ಸುಳ್ಳು ಹೇಳ್ತಾ ಇರ್ಬೇಕು. ನಂದು ಕ್ಯಾಲಿಬ್ರೇಟ್ ಆಗಿದೆ."

"ಆಯ್ತಪ್ಪ," ಎಂದರು ಅವರು. ಭಾಷಣ ಮಾಡಿಸಿ ಹೋಳಿಗೆ ಹಾಕಿಸಿದವರು ತಾವೇ ಅಲ್ಲವೇ.

ಫ್ರೇಮು ಕಟ್ಟಿ ಬಂದ ಫೋಟೋವನ್ನು ಮರಿಯಣ್ಣ ಸ್ಟುಡಿಯೋದ ಮುಂದೆ, ರಸ್ತೆಯಲ್ಲೇ ಬಿಚ್ಚಿದ. ಬಿಚ್ಚಿದವನು ಒಂದು ಹೆಜ್ಜೆ ಹಿಂದೆ ಸರಿದ. ರಂಗಪ್ಪ ನಗುತ್ತಿದ್ದ, ದ್ವಾರಸಮುದ್ರ ಕೆರೆಯ ತಳದಲ್ಲಿ ಒಂದು ವಾರ ಮಲಗಿ, ಆಮೇಲೆ ಎದ್ದು ಬಂದು ನಗುತ್ತಿದ್ದ.

"ಅಯ್ಯೋ ಶಿವನೇ! ಏನ್ಲಾ ಇದು? ಬೆಳ್ಳಗೆ ಮಾಡು ಅಂದ್ರೆ ಹಸ್ರು ಮಾಡಿದ್ಯಲ್ಲಾ! ಇದನ್ನ ಗೋಡೆಗೆ ಹಾಕಿದ್ರೆ ಗಂಡಿನ ಕಡೆಯೋರು ಟೀನೂ ಕುಡಿಯಲ್ಲ ಕಣೋ!"

ಜನ ಸೇರಿದರು. ಒಬ್ಬರು ವಿಷ ಇರಬಹುದೆಂದರು. ಇನ್ನೊಬ್ಬರು ಕರೆಂಟು ಹೊಡೆದವರು ಒಳಗೊಳಗೇ ಹೀಗಾಗುತ್ತಾರೆಂದು, ತಾವು ಕಣ್ಣಾರೆ ಕಂಡವರ ಹಾಗೆ ವಿವರಿಸಿದರು. ಜೊತೆಗೆ ಬಂದಿದ್ದ ಕೆಂಪಲಕ್ಷ್ಮಮ್ಮ ಫೋಟೋವನ್ನು ನೋಡಿದರು. ಸೆರಗಿನಲ್ಲಿ ಅದರ ಮುಖ ಮುಚ್ಚಿದರು. ಆಸ್ಪತ್ರೆಯ ಬಣ್ಣವನ್ನು ಬೀರೇಶ ಫ್ರೇಮು ಹಾಕಿಸಿ ಕೊಟ್ಟಿದ್ದ.

"ಪ್ರಿಂಟು ತಪ್ಪು, ಅಮ್ಮ! ಸ್ಕ್ರೀನಲ್ಲಿ ಸರಿಯಾಗವ್ರೆ. ಒಂದ್ಸಲ ಒಳಗೆ ಬಂದು ನೋಡಿ," ಎಂದ ಬೀರೇಶ, ಅಳುವವನ ಹಾಗೆ.

ಅವರು ಬೂದು ಕೋಣೆಯೊಳಗೆ ಬಂದರು. ಬೀರೇಶ ಗುಂಡಿ ಒತ್ತಿದ. ಕತ್ತಲಲ್ಲಿ ಗಂಡನ ಮುಖ ಮೂಡಿತು. ಕೆಂಪಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತರು. ಪರದೆಯ ಗಾಜಿನ ಮೇಲೆ ಕೈಯಿಟ್ಟು, "ಇವ್ರೇ," ಎಂದರು. ಆಮೇಲೆ, "ಇದನ್ನೇ ಮನೆಗೆ ತರಕ್ಕಾಗಲ್ವಾ?"

ಹೀಗೆ ಹಳೇಬೀಡಿನ ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬ ತೀರಿಹೋದವನು ಕೈಗಾಡಿಯಲ್ಲಿ, ಯುಪಿಎಸ್ ಸಮೇತ, ತನ್ನ ತಿಥಿಗೆ ತಾನೇ ಬಂದ.

ನಡುಮನೆಯ ಗೋಡೆಗೆ ಮೇಜು ಹಾಕಿ, ಮೇಲೆ ಮಾನಿಟರು, ಅದರ ಪಕ್ಕ ಆ ಕಲ್ಲು. ಕಲ್ಲಿಲ್ಲದೆ ಬಣ್ಣಕ್ಕೆ ತಾನು ಜವಾಬ್ದಾರನಲ್ಲ ಎಂದು ಬೀರೇಶ ಮೊದಲೇ ಹೇಳಿದ್ದ. ಕಿಟಕಿ ಮುಚ್ಚಿಸಿದ. ಮಾನಿಟರು ಬಿಸಿಯಾಗಲು ಅರ್ಧ ಗಂಟೆ ಎಲ್ಲರನ್ನೂ ಸುಮ್ಮನೆ ಕೂರಿಸಿದ. ಕೆಂಪು ಸೀರೆಯವರನ್ನು ಹಿಂದಿನ ಸಾಲಿಗೆ ಕಳಿಸಿದ. ತಿಥಿಯ ಶಾಸ್ತ್ರದಲ್ಲಿ ಇದೂ ಇರಬಹುದೆಂದು ಎಲ್ಲರೂ ಒಪ್ಪಿಕೊಂಡರು. ಕಲ್ಲನ್ನೂ ಒಪ್ಪಿಕೊಂಡರು. ಸತ್ತವರ ಹೆಸರಿನಲ್ಲಿ ಕಲ್ಲಿಡುವುದು ಯಾರಿಗೆ ಗೊತ್ತಿಲ್ಲ? ಮುದುಕಿಯರು ಬಂದು ಅದಕ್ಕೆ ನೀರು ಚಿಮುಕಿಸಿ, ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟರು. ಬೀರೇಶ "ಬೇಡಿ, ಬೇಡಿ, ಅದು ನ್ಯೂಟ್ರಲ್!" ಎಂದು ಕೂಗುವಷ್ಟರಲ್ಲಿ ಅದು ದೇವರಾಗಿಬಿಟ್ಟಿತ್ತು.

ಅನುಸೂಯಮ್ಮ ಕಾಸು ಕೇಳದೆ ದೊಡ್ಡ ಮಾಲೆ ಕಟ್ಟಿ ತಂದಿದ್ದರು. ಬೀರೇಶನ ನೆನಪಿಟ್ಟುಕೊಂಡು, ಚೆಂಡುಹೂವು ಬಿಟ್ಟು ಬಿಳಿ ಸೇವಂತಿಗೆಯಲ್ಲೇ ಕಟ್ಟಿದ್ದರು. ಅದನ್ನು ಮಾನಿಟರಿನ ಕೊರಳಿಗೆ ಹಾಕಲಾಯಿತು. ಬಾಳೆ ಎಲೆಯ ಮೇಲೆ ಮುದ್ದೆ, ಹುರುಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಹೋದವರು ಬಂದು ಮುಟ್ಟಿ ಹೋಗುವುದು ಆಗಲೇ. ಎಲ್ಲರೂ ಎದ್ದರು. ಬೀರೇಶ ಏಳಲಿಲ್ಲ.

"ಏಳ್ಲಾ. ಯಾರೂ ಇರಂಗಿಲ್ಲ," ಎಂದ ಮರಿಯಣ್ಣ.

"ಆಗಲ್ಲ ಮರಿಯಣ್ಣ. ಮೌಸು ಅಲ್ಲಾಡಿಸ್ತಾ ಇರ್ಬೇಕು. ಇಲ್ಲಾಂದ್ರೆ ಐದು ನಿಮಿಷಕ್ಕೆ ನಿಮ್ಮ ಭಾವ ಹೋಗಿ ಮೀನು ಬರ್ತವೆ."

"ಮೀನಾ?"

"ಬಣ್ಣದ ಮೀನು. ಸ್ಕ್ರೀನ್ ಸೇವರ್."

ಮರಿಯಣ್ಣ ಅವನ ರಟ್ಟೆ ಹಿಡಿದು ಹೊರಗೆಳೆದುಕೊಂಡು ಬಂದ. ಬಾಗಿಲು ಮುಚ್ಚಿತು. ಜಗಲಿಯ ಮೇಲೆ ಎಲ್ಲರೂ ತಲೆತಗ್ಗಿಸಿ ನಿಂತರು. ಬಾಗಿಲ ಸಂದಿನಲ್ಲಿ ನೀಲಿ ಬೆಳಕು ಕಾಣುತ್ತಿತ್ತು. ಬೀರೇಶ ಮಾತ್ರ, ಬರಬೇಡಿರೆಂದು ಮನಸ್ಸಿನಲ್ಲೇ ಮೀನುಗಳನ್ನು ಬೇಡಿಕೊಳ್ಳುತ್ತಿದ್ದ.

ಆಗ ಪಕ್ಕದ ಮನೆಯ ರೇಡಿಯೋ ನಿಂತುಹೋಯಿತು. ಮುಚ್ಚಿದ ಬಾಗಿಲ ಹಿಂದಿನಿಂದ ಸಣ್ಣ ದನಿಯೊಂದು ಕೇಳಿತು: ಕೀ... ಕೀ... ಕೀ...

ಮುದುಕಿಯೊಬ್ಬರು ಕಂಬ ಹಿಡಿದುಕೊಂಡರು. "ಯಾರ್ಲಾ ಒಳಗೆ ಅಳ್ತಾ ಇರೋದು?" ಎಂದ ಮರಿಯಣ್ಣನ ದನಿ ಅವನದೇ ಅಲ್ಲದಂತಿತ್ತು.

"ಯುಪಿಎಸ್ಸು. ಬ್ಯಾಟರಿ ವೀಕು," ಎಂದ ಬೀರೇಶ ಪಿಸುಮಾತಿನಲ್ಲಿ.

ಕೀ ಕೀ ಸದ್ದು ನಿಂತಿತು. ಬಾಗಿಲ ಸಂದಿನ ನೀಲಿ ಬೆಳಕೂ ಹೋಯಿತು.

ಬಾಗಿಲು ತೆಗೆದರೆ, ಒಳಗೆ ಮಾಲೆ ಹಾಕಿಕೊಂಡ ಒಂದು ಕಪ್ಪು ಗಾಜು, ಎಡೆಯ ಮುಂದಿನ ಎಣ್ಣೆದೀಪ, ಅಷ್ಟೇ. ಮಗಳು ದಿವ್ಯಶ್ರೀ "ಅಪ್ಪ ಮತ್ತೆ ಹೋದ್ರು" ಎಂದಳು. ಅಷ್ಟು ಸಾಕಾಯಿತು. ಮಣ್ಣು ಮಾಡಿದ ದಿನಕ್ಕಿಂತ ದೊಡ್ಡದಾಗಿ ಅಳು ಎದ್ದಿತು. ಮರಿಯಣ್ಣ ಬೀರೇಶನ ಕಡೆ ತಿರುಗಿದ. "ಒಂದೇ ಮನುಷ್ಯನ್ನ ಎರಡು ಸಲ ಸಾಯಿಸ್ದಲ್ಲೋ ಪಾಪಿ!" ಎಂದು ಕೈ ಎತ್ತಿದ. ಬೀರೇಶ ತಪ್ಪಿಸಿಕೊಳ್ಳಲಿಲ್ಲ. ಏಟು ಬೀಳುವುದೇ ಸರಿ ಎಂದು ಅವನಿಗೂ ಅನ್ನಿಸಿತ್ತು.

"ಸುಮ್ನಿರಿ," ಎಂದರು ಕೆಂಪಲಕ್ಷ್ಮಮ್ಮ.

ಅವರು ಅಳುತ್ತಿರಲಿಲ್ಲ. ಕಪ್ಪಾದ ಗಾಜನ್ನೇ ನೋಡುತ್ತಿದ್ದರು. ತುಟಿಯ ಮೂಲೆಯಲ್ಲಿ ನಗುವಿನಂಥದೊಂದು ಇತ್ತು.

"ಏನು ಮುಟ್ಟಬೇಕಾದ್ರೂ ಮೊದ್ಲು ಲೈನ್ ಆಫ್ ಮಾಡೋರು. ಇಪ್ಪತ್ತೈದು ವರ್ಷ ಮಾಡವ್ರೆ. ಈಗ ಊಟ ಮುಟ್ಟಕ್ಕೆ ಬಂದವ್ರೆ. ಗದ್ದಲ ಮಾಡ್ಬೇಡಿ, ಉಣ್ಲಿ."

ಎತ್ತಿದ ಕೈಯನ್ನು ಏನು ಮಾಡುವುದೆಂದು ಮರಿಯಣ್ಣನಿಗೆ ತಿಳಿಯಲಿಲ್ಲ. ಆ ಕೈಯಲ್ಲೇ ಕಣ್ಣೊರೆಸಿಕೊಂಡ. ಜನವೆಲ್ಲ ಮತ್ತೆ ಹೊರಗೆ ಹೋಗಿ, ಮತ್ತೆ ಬಾಗಿಲು ಮುಚ್ಚಿ, ಈ ಸಲ ಭಯವಿಲ್ಲದೆ ಕಾದರು.

ಮತ್ತೆ ಒಳಗೆ ಬಂದಾಗ ಕರೆಂಟು ಇನ್ನೂ ಬಂದಿರಲಿಲ್ಲ. ಆರತಿಗೆ ಮುಖ ಬೇಕಲ್ಲ? ಕೆಂಪಲಕ್ಷ್ಮಮ್ಮ ಅಡುಗೆಮನೆಯಿಂದ ಆ ಹಸಿರು ಫೋಟೋವನ್ನು ತಂದರು. ಅದನ್ನು ಎಸೆದಿರಲಿಲ್ಲ, ಗೋಡೆಗೆ ಮುಖಮಾಡಿ ಇಟ್ಟಿದ್ದರು. ಈಗ ಎಣ್ಣೆದೀಪದ ಪಕ್ಕ ನಿಲ್ಲಿಸಿದರು. ಕಿಟಕಿ ಮುಚ್ಚಿದ ಕತ್ತಲಲ್ಲಿ ದೀಪದ ಕೆಂಬೆಳಕು ಫೋಟೋದ ಮೇಲೆ ಬಿದ್ದು, ಹಸಿರನ್ನು ನುಂಗಿತು. ಬೀರೇಶ ಮುಂದೆ ಬಗ್ಗಿ ನೋಡಿದ. ಹುರಿದ ಕಾಫಿಬೀಜದ ಬಣ್ಣ. ಬಿಸಿಲು ಕುಡಿದ ಹಣೆ.

"ಬಂದ್ರು," ಎಂದರು ಕೆಂಪಲಕ್ಷ್ಮಮ್ಮ.

ಎಲ್ಲರೂ ಸಾಲಾಗಿ ಬಂದು ಫೋಟೋಗೂ ಕಲ್ಲಿಗೂ ಕೈಮುಗಿದರು. ಸಾಲಿನಲ್ಲಿ ಬಸದಿಯ ಕಾವಲುಗಾರ ಕೆಂಚಯ್ಯನೂ ಇದ್ದ. ರಂಗಪ್ಪನ ಬೀಡಿ ಜೊತೆಗಾರ. ಕಲ್ಲಿಗೆ ಹಣೆ ಮುಟ್ಟಿಸಲು ಬಗ್ಗಿದವನು ಬಗ್ಗಿಯೇ ಉಳಿದ.

"ಇದು ನಮ್ ಆನೆ ಉಗುರು!" ಎಂದ.

"ಯಾವ ಆನೆ?" ಎಂದರು ಜನ.

"ಬಸದಿ ಬೇಲಿ ಪಕ್ಕ ಮುರಿದು ಬಿದ್ದಿರೋ ಆನೆದು! ಹದಿನೈದು ದಿನದಿಂದ ಹುಡುಕ್ತಾ ಇದೀನಿ. ಮೇಲಿನೋರು ಬಂದು ಎಣಿಸಿದ್ರೆ ನನ್ನ ಕೆಲಸ ಹೋಗೋದು. ಇದಕ್ಕೆ ಕುಂಕುಮ ಹಚ್ಚಿ ಎಡೆ ಇಟ್ಟಿದೀರಲ್ರೋ! ಯಾರ್ಲಾ ತಂದೋನು?"

ಊರಿಗೆ ಊರೇ ಬೀರೇಶನನ್ನು ನೋಡಿತು. ಬೂದು ಬಣ್ಣದ ಮಹತ್ವವನ್ನು ಹೇಳಲು ಬೀರೇಶ ಬಾಯಿ ತೆರೆಯುವ ಮೊದಲೇ ಕೆಂಚಯ್ಯ ಕಲ್ಲನ್ನು ಎತ್ತಿಕೊಂಡು ಹಿತ್ತಲಿನ ತೊಟ್ಟಿಗೆ ಹೋದ. ಬೀರೇಶನೂ ಹಿಂದೆ ಹೋದ. ನೀರು ಸುರಿದು ಉಜ್ಜಿದಂತೆ, ಬಿಸಿಲಿನಲ್ಲಿ ಕುಂಕುಮ ಹೋಯಿತು, ಅರಿಸಿನ ಹೋಯಿತು, ತಲೆತಲಾಂತರದ ದೂಳು ಹೋಯಿತು. ಒದ್ದೆ ಕಲ್ಲು, ಕೆರೆಯ ನೀರಿನ ಹಾಗೆ, ತಣ್ಣನೆಯ ಹಸಿರಾಗಿ ಹೊಳೆಯಿತು.

ಬೀರೇಶ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ. ಹಸಿರು ಕಲ್ಲನ್ನು ಬೂದು ಎಂದು ಹಟ ಹಿಡಿದು, ಪರದೆಯಿಂದ ಹಸಿರನ್ನೆಲ್ಲ ಓಡಿಸಿದ್ದ. ಹಸಿರು ಕಾಣದ ಪರದೆಯ ಮುಂದೆ ಕೂತು, ಪಾಪದ ರಂಗಪ್ಪನ ಮುಖಕ್ಕೆ ಹಸಿರು ಸುರಿಯುತ್ತಲೇ ಹೋಗಿದ್ದ. ಸುಳ್ಳು ಹೇಳುತ್ತಿದ್ದ ಮಾನಿಟರಿಗೆ ಸುಳ್ಳು ಹೇಳಿಕೊಟ್ಟವನು ತಾನೇ.

"ಅಳಬ್ಯಾಡ ಕಣೋ," ಎಂದ ಕೆಂಚಯ್ಯ, ಅವನು ಆನೆಗಾಗಿ ಅಳುತ್ತಿದ್ದಾನೆಂದು ತಿಳಿದು. "ವಾಪಸ್ ಇಟ್ರಾಯ್ತು. ಯಾರ್ಗೂ ಹೇಳಕ್ಕಿಲ್ಲ. ಬಾ, ಊಟಕ್ಕೆ ಎಲೆ ಹಾಕವ್ರೆ."

ಮುಂದಿನ ವಾರ ಬೀರೇಶ ಅರಸೀಕೆರೆಗೆ ಹೋಗಿ, ಷಡಕ್ಷರಪ್ಪನವರ ಮಾನಿಟರಿನ ಮುಂದೆ ತಲೆತಗ್ಗಿಸಿ ಕೂತು, ಫೋಟೋವನ್ನು ಮೊದಲಿನಿಂದ ತಿದ್ದಿ ಹೊಸದು ತಂದ. ಅದು ಹಗಲಿನಲ್ಲೂ ರಂಗಪ್ಪನೇ ಆಗಿತ್ತು. ಕೆಂಪಲಕ್ಷ್ಮಮ್ಮ ನೋಡಿ, ನಡುಮನೆಯ ಗೋಡೆಗೆ ಹಾಕಿಸಿದರು.

"ಹಳೇದು ಕೊಟ್ಬಿಡಿ ಅಮ್ಮ, ಸುಟ್ಟು ಹಾಕ್ತೀನಿ," ಎಂದ ಬೀರೇಶ. "ಅದು ಹಸಿರು."

"ಅವತ್ತು ಎಡೆ ಮುಟ್ಟಕ್ಕೆ ಬಂದಿದ್ದು ಆ ಫೋಟೋದವ್ರೇ ಕಣಪ್ಪ," ಎಂದು ಅವರು ಅವನನ್ನು ಅಡುಗೆಮನೆಗೆ ಕರೆದರು. ಒಲೆಯ ಪಕ್ಕದ ಗೂಡಿನಲ್ಲಿ ಫೋಟೋ ಇತ್ತು. ಮಧ್ಯಾಹ್ನದ ಬೆಳಕಿಗೆ ಅದು ಅಂದಿನಷ್ಟೇ ಘೋರವಾಗಿತ್ತು. ಬೀರೇಶ ಕಣ್ಣು ಕೆಳಗೆ ಮಾಡಿದ. ಕೆಂಪಲಕ್ಷ್ಮಮ್ಮ ಕಿಟಕಿ ಮುಚ್ಚಿದರು, ದೀಪ ಹಚ್ಚಿದರು.

"ಎಲ್ಲೈತೆ ಹಸ್ರು? ನೋಡು."

ಅವನು ನೋಡಿದ. ಎಲ್ಲೂ ಇರಲಿಲ್ಲ. ಅವರು ಟೀಗೆ ನೀರಿಟ್ಟರು.

ಆ ಮೇಲೆ ಬೀರೇಶನ ಸ್ಟುಡಿಯೋಗೆ ಮದುವೆಯ ಕೆಲಸ ಬರಲಿಲ್ಲ. ಹಸಿರು ರಂಗಪ್ಪನ ಸುದ್ದಿ ಬಿಕ್ಕೋಡಿನವರೆಗೂ ಹಬ್ಬಿತ್ತು. ಮದುಮಕ್ಕಳನ್ನು ಅವನ ಕೈಗೆ ಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಕಂಪ್ಯೂಟರಿನಲ್ಲಿ ಸತ್ತವರನ್ನು ಕರೆಸಿ ಊಟ ಮಾಡಿಸಿದವನೆಂದು ಹೆಸರಾಗಿ, ತಿಥಿಯ ಫೋಟೋಗಳೆಲ್ಲ ಅವನಲ್ಲಿಗೇ ಬಂದವು. ಬದುಕಿರುವವರು ಬೇಲೂರಿಗೆ ಹೋಗುತ್ತಾರೆ, ಹೋದವರು ಬೀರೇಶನಲ್ಲಿಗೆ ಬರುತ್ತಾರೆ. ಗೋಡೆಗೆ ಮತ್ತೆ ಗುಲಾಬಿ ಬಳಿಯುವ ಅಗತ್ಯ ಬೀಳಲಿಲ್ಲ.

ಬೋರ್ಡಿನ ಮೇಲಿನ ಗ್ಯಾರಂಟಿಯನ್ನು ಮಾತ್ರ ಅವನು ಅಳಿಸಿದ. ಅಳಿಸಿ ಏಣಿ ಇಳಿದವನು ರಸ್ತೆ ದಾಟಿ, ಅನುಸೂಯಮ್ಮನ ಚೆಂಡುಹೂವಿನ ಬುಟ್ಟಿಯನ್ನು ಎತ್ತಿ ತಂದು, ತನ್ನ ಅಂಗಡಿಯ ನೆರಳಿನಲ್ಲಿ, ಬಾಗಿಲಿಗೆ ನೇರವಾಗಿ ಇಟ್ಟ.

"ಹಳದಿ ಒಳಕ್ಕೆ ಹೊಡೆಯಲ್ವೇನಪ್ಪ?" ಎಂದರು ಅವರು.

"ಹೊಡೀಲಿ ಬಿಡಿ ಅನುಸೂಯಮ್ಮ," ಎಂದ ಬೀರೇಶ. "ಒಳಗೆ ಫೋಟೋದಲ್ಲಿರೋರಿಗೆ ಬೇಕಾಗ್ತದೆ."